ಆಟದ ಮಣೆಯ ಮೇಲೆ ಮುಮ್ಮಡಿಯವರ ಸಂಸ್ಥಾನ

ಮೈಸೂರು ಅರಸು ಮನೆತನದ ಚರಿತ್ರೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರದು ದೀರ್ಘವೂ ವಿಚಿತ್ರವೂ ಆದ ಅಧ್ಯಾಯ. ಐದು ವರ್ಷ ತುಂಬುವ ಮೊದಲೇ ಪಟ್ಟವೇರಿದ ಅವರು ಮೂವತ್ತೇಳನೆಯ ವಯಸ್ಸಿನಲ್ಲಿ ರಾಜ್ಯದ ಆಡಳಿತವನ್ನು ಕಳೆದುಕೊಂಡರು. ಅನಂತರ ಹೆಚ್ಚುಕಡಿಮೆ ಅಷ್ಟೇ ವರ್ಷಗಳನ್ನು ಅಧಿಕಾರವಿಲ್ಲದ ಅರಸರಾಗಿ ಅರಮನೆಯಲ್ಲಿ ಕಳೆದರು. ಸಂಗೀತ, ಸಾಹಿತ್ಯ, ಚಿತ್ರಕಲೆಗಳಿಗೆ ಅವರು ನೀಡಿದ ಆಶ್ರಯದ ಬಗ್ಗೆ ನಾಡಿನ ಜನರಿಗೆ ತಿಳಿದಿದೆ. ಆದರೆ ಅವರು ಆಟಗಳ ನಿರ್ಮಾತೃವೂ ಆಗಿದ್ದರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಇದ್ದ ಆಟಕ್ಕೆ ಹೊಸ ಪಾತ್ರಗಳನ್ನು ಸೇರಿಸಿ, ಆ ಪಾತ್ರಗಳಿಗೆ ಹೊಸ ಶಕ್ತಿಗಳನ್ನು ಕೊಟ್ಟು, ಹಳೆಯ ನಿಯಮಗಳ ಮೇಲೆ ಹೊಸ ನಿಯಮಗಳ ಮಹಡಿ ಕಟ್ಟುವ ಕೆಲಸವನ್ನು ಅವರಷ್ಟು ಶ್ರದ್ಧೆಯಿಂದ ಮಾಡಿದ ದೊರೆ ಭಾರತದಲ್ಲಿ ವಿರಳ.

ಬಾಲ್ಯ ಮತ್ತು ಪಟ್ಟ

ಮುಮ್ಮಡಿಯವರು ಜನಿಸಿದ್ದು 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ. ಆಗ ಮೈಸೂರು ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ಒಡೆಯರ್ ಮನೆತನ ಹೆಸರಿಗಷ್ಟೇ ಉಳಿದಿತ್ತು. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆ ಖಾಸಾ ಚಾಮರಾಜ ಒಡೆಯರ್ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ರಣರಂಗದಲ್ಲಿ ಮಡಿದ ಮೇಲೆ ಬ್ರಿಟಿಷರು ಹಳೆಯ ರಾಜವಂಶಕ್ಕೆ ರಾಜ್ಯವನ್ನು ಮರಳಿಸಲು ನಿರ್ಧರಿಸಿದರು. ಅದೇ ವರ್ಷದ ಜೂನ್ 30ರಂದು ಬಾಲಕನಿಗೆ ಪಟ್ಟ ಕಟ್ಟಲಾಯಿತು. ದಶಕಗಳ ಕಾಲ ಮನೆತನದ ಹಕ್ಕಿಗಾಗಿ ಗುಟ್ಟಾಗಿ ಹೋರಾಡಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಬಾಲಕನ ಪರವಾಗಿ ರಾಜ್ಯದ ಹೊಣೆ ಹೊತ್ತರು. ಟಿಪ್ಪುವಿನ ಬಳಿಯೂ ಕೆಲಸ ಮಾಡಿದ್ದ ಪೂರ್ಣಯ್ಯನವರು ದಿವಾನರಾದರು. ಮಹಾರಾಣಿ 1810ರಲ್ಲಿ ನಿಧನರಾದರು. ಮರುವರ್ಷ ಪೂರ್ಣಯ್ಯನವರು ಅಧಿಕಾರ ಬಿಟ್ಟುಕೊಟ್ಟರು. ಹದಿನಾರು ಹದಿನೇಳರ ಹರೆಯದಲ್ಲಿ ಕೃಷ್ಣರಾಜರು ಸ್ವತಂತ್ರವಾಗಿ ಆಳತೊಡಗಿದರು.

ಟಿಪ್ಪುವಿನ ಪತನ ಇಂದಿನ ಕರ್ನಾಟಕದ ನಕ್ಷೆಯನ್ನೇ ಹರಿದು ಹಂಚಿತು. ಮೈಸೂರಿನ ಸುತ್ತಲ ಸೀಮೆ ಒಡೆಯರಿಗೆ ಬಂದರೆ, ತುಂಗಭದ್ರೆಯ ಆಚೆ ದಡದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶಗಳು ಹೈದರಾಬಾದಿನ ನಿಜಾಮರ ಪಾಲಿನಲ್ಲಿ ಉಳಿದವು. ಈ ಸೀಮೆಯ ಜನ ಮತ್ತೆ ಮೈಸೂರಿನೊಡನೆ ಒಂದೇ ರಾಜ್ಯದಲ್ಲಿ ಸೇರಿದ್ದು 1956ರ ನವೆಂಬರ್ 1ರಂದು. ಆದರೂ ಮುಮ್ಮಡಿಯವರ ಆಟಗಳ ಬೇರುಗಳನ್ನು ಹುಡುಕುತ್ತ ಹೊರಟರೆ ಹಾದಿ ಮೊದಲು ತಲುಪುವುದು ಇದೇ ಕಲ್ಲುನಾಡಿಗೆ.

ಕಲ್ಲಿನ ಮೇಲೆ ಕೆತ್ತಿದ ಆಟಗಳು

ಯಲಬುರ್ಗಾ ಸೀಮೆಯ ಇಟಗಿಯಲ್ಲಿ ನಿಂತಿರುವ ಮಹಾದೇವ ದೇವಾಲಯ 1112ರಲ್ಲಿ ನಿರ್ಮಾಣವಾದುದು. ಅದನ್ನು ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ರಚಿಸಿದ ಸಂಸ್ಕೃತ ವಿಶ್ವಕೋಶ ಮಾನಸೋಲ್ಲಾಸ. ಅರಸನಾದವನು ತಿಳಿದಿರಬೇಕಾದ ಆಡಳಿತ, ಅಡುಗೆ, ಚಿತ್ರ, ಸಂಗೀತಗಳ ಜೊತೆಗೆ ಚದುರಂಗ, ಪಗಡೆ ಮೊದಲಾದ ವಿನೋದಗಳಿಗೂ ಅದರಲ್ಲಿ ಸ್ಥಾನವಿದೆ. ಆಟವನ್ನು ಶಾಸ್ತ್ರದ ಸಾಲಿಗೆ ಸೇರಿಸಿ ಗ್ರಂಥದಲ್ಲಿ ದಾಖಲಿಸುವ ಈ ಪದ್ಧತಿಯನ್ನೇ ಏಳು ಶತಮಾನಗಳ ಅನಂತರ ಮೈಸೂರಿನ ದೊರೆ ಮುಂದುವರಿಸಿದರು.

ಗಂಗಾವತಿ ಬಳಿಯ ಆನೆಗೊಂದಿ ಮತ್ತು ನದಿಯ ಇನ್ನೊಂದು ದಡದ ಹಂಪಿಯಲ್ಲಿ ಅರಮನೆಯ ಗ್ರಂಥಗಳಾಚೆಗಿನ ಸಾಕ್ಷ್ಯವಿದೆ. ವಿಜಯನಗರ ಕಾಲದ ಮಂಟಪಗಳ ನೆಲದಲ್ಲಿ, ಗುಡಿಗಳ ಜಗಲಿಗಳಲ್ಲಿ, ಬಂಡೆಗಳ ಮೇಲೆ ಆಟದ ಮಣೆಗಳನ್ನು ಕೆತ್ತಲಾಗಿದೆ. ಅಳಗುಳಿ ಮನೆಯ ಗುಳಿಗಳು, ಆಡು-ಹುಲಿ ಆಟದ ತ್ರಿಕೋನಗಳು, ಒಂದರೊಳಗೊಂದು ಕೂತ ಚೌಕಗಳ ನವಕಂಕರಿ, ಚೌಕಾಬಾರದ ಮನೆಗಳು ಇವುಗಳಲ್ಲಿ ಸೇರಿವೆ. ಸಂಶೋಧಕಿ ಆರ್. ವಸಂತ ಅವರು ವಿಜಯನಗರದ ಈ ಮಣೆಗಳ ಸಮೀಕ್ಷೆ ನಡೆಸಿ ಅಧ್ಯಯನ ಪ್ರಕಟಿಸಿದ್ದಾರೆ. ಕಾವಲುಗಾರರು, ವ್ಯಾಪಾರಿಗಳು, ಯಾತ್ರಿಕರು ಹೊತ್ತು ಕಳೆಯಲು ಆಡಿದ ಆಟಗಳಿವು ಎಂದು ಊಹಿಸಬಹುದು.

ಇವುಗಳ ಪೈಕಿ ಆಡು-ಹುಲಿ ಆಟದಲ್ಲಿ ಒಂದು ಮುಖ್ಯ ತತ್ವ ಅಡಗಿದೆ. ಸಾಮಾನ್ಯವಾಗಿ ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನಬಲ್ಲದು. ಆಡಿಗೆ ಆ ಶಕ್ತಿಯಿಲ್ಲ, ಆದರೆ ಗುಂಪುಗೂಡಿ ಹುಲಿಯನ್ನು ಕಟ್ಟಿಹಾಕಬಲ್ಲದು. ಇಬ್ಬರು ಆಟಗಾರರಿಗೂ ಬೇರೆ ಬೇರೆ ಪಾತ್ರ, ಬೇರೆ ಬೇರೆ ಸಾಮರ್ಥ್ಯ. ಚದುರಂಗದಲ್ಲಿ ಆನೆ, ಕುದುರೆ, ಒಂಟೆಗಳಿಗೆ ಒಂದೊಂದು ನಡೆ ಇರುವುದೂ ಇದೇ ತತ್ವದಿಂದ. ಪಾತ್ರ ಬದಲಾದರೆ ಶಕ್ತಿ ಬದಲಾಗುತ್ತದೆ, ಶಕ್ತಿ ಬದಲಾದರೆ ಆಟವೇ ಬದಲಾಗುತ್ತದೆ. ಮುಮ್ಮಡಿಯವರು ಕೈಹಾಕಿದ್ದು ಈ ಮರ್ಮಕ್ಕೆ.

ಆಡಳಿತ ಕೈತಪ್ಪಿದ್ದು

1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಭಾರ ಮತ್ತು ಅಧಿಕಾರಿಗಳ ಕಿರುಕುಳದ ವಿರುದ್ಧ ದಂಗೆಯೆದ್ದರು. ಅದನ್ನು ಕಾರಣವಾಗಿ ಮುಂದಿಟ್ಟುಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ದುರಾಡಳಿತ ಮತ್ತು ದುಂದುವೆಚ್ಚ ಅರಸರ ಮೇಲಿದ್ದ ಆರೋಪಗಳು. ಅನಂತರ ನೇಮಕವಾದ ವಿಚಾರಣಾ ಸಮಿತಿ ತಪ್ಪೆಲ್ಲವನ್ನೂ ಅರಸರ ತಲೆಗೆ ಕಟ್ಟಲಿಲ್ಲ. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸುವ ಯೋಚನೆ ಬೆಂಟಿಂಕನಿಗೂ ಬಂದಿತ್ತು, ಅದು ಕೈಗೂಡಲಿಲ್ಲ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿ ಆಳಿದನು. ಅರಸರಿಗೆ ವರ್ಷಕ್ಕೆ ಒಂದು ಲಕ್ಷ ನಕ್ಷತ್ರ ವರಹ ಮತ್ತು ನಿವ್ವಳ ಕಂದಾಯದಲ್ಲಿ ಐದನೆಯ ಒಂದು ಪಾಲು ನಿಗದಿಯಾಯಿತು.

ಹೀಗೆ ಸಿಂಹಾಸನ ಉಳಿಯಿತು, ಆಜ್ಞೆ ನಿಂತಿತು. ದಸರಾ ದರ್ಬಾರು ನಡೆಯುತ್ತಿತ್ತು, ದಂಡು ದಾಳಿಗಳಿರಲಿಲ್ಲ. ಈ ಸ್ಥಿತಿಯಲ್ಲಿ ಅರಸರು ಅರಮನೆಯನ್ನೇ ವಿದ್ಯೆಯ ಸಂಸ್ಥಾನವಾಗಿ ಕಟ್ಟಿಕೊಂಡರು. ಕೆಂಪುನಾರಾಯಣ ಕವಿಯ ಗದ್ಯಕೃತಿ ಮುದ್ರಾಮಂಜೂಷ 1823ರಲ್ಲೇ ಅವರ ಆಶ್ರಯದಲ್ಲಿ ರಚನೆಯಾಗಿತ್ತು. ಅಳಿಯ ಲಿಂಗರಾಜ ಅರಸರಂಥ ಕವಿಗಳು, ವೈಣಿಕರು, ಚಿತ್ರಕಾರರು ಆಸ್ಥಾನದಲ್ಲಿ ಬೆಳೆದರು. 1833ರಲ್ಲಿ ಮೈಸೂರಿನಲ್ಲಿ ಅವರು ಆರಂಭಿಸಿದ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಸೌಗಂಧಿಕಾಪರಿಣಯ, ಸಂಖ್ಯಾರತ್ನಕೋಶ ಮೊದಲಾದ ಅನೇಕ ಕೃತಿಗಳು ಅರಸರ ಹೆಸರಿನಲ್ಲಿವೆ. ಇವುಗಳಲ್ಲಿ ಕೆಲವು ಆಸ್ಥಾನ ವಿದ್ವಾಂಸರ ನೆರವಿನಿಂದ ಸಿದ್ಧವಾದವೆಂದು ತಿಳಿದವರು ಅಭಿಪ್ರಾಯಪಡುತ್ತಾರೆ.

ಕೌತುಕನಿಧಿಯ ಹದಿಮೂರು ಆಟಗಳು

ಈ ಎಲ್ಲದರ ಶಿಖರವೆಂದರೆ ಶ್ರೀತತ್ತ್ವನಿಧಿ. ಸಂಸ್ಕೃತ ಶ್ಲೋಕಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ವರ್ಣಚಿತ್ರಗಳೊಂದಿಗೆ ರಚಿಸಿದ ಈ ಬೃಹತ್ ಗ್ರಂಥಕ್ಕೆ ಒಂಬತ್ತು ಭಾಗಗಳು: ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ ಮತ್ತು ಕೌತುಕನಿಧಿ. ಮೊದಲ ಭಾಗಗಳು ದೇವತೆಗಳ ರೂಪ, ಆಯುಧ, ವಾಹನ, ವರ್ಣಗಳನ್ನು ವಿವರಿಸುತ್ತವೆ. ಕೊನೆಯ ಕೌತುಕನಿಧಿಯಲ್ಲಿ ಆಟಗಳು ಬರುತ್ತವೆ. 122 ಯೋಗಾಸನಗಳ ಚಿತ್ರಸಹಿತ ವಿವರವೂ ಶ್ರೀತತ್ತ್ವನಿಧಿಯಲ್ಲಿದ್ದು, ವಿದ್ವಾಂಸ ನಾರ್ಮನ್ ಸ್ಯೋಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಅದು ಜಗತ್ತಿನ ಗಮನ ಸೆಳೆಯಿತು. ದೇಹ ಮನಸ್ಸುಗಳ ಸಾಧನೆ ಮತ್ತು ಆಟ ಎರಡಕ್ಕೂ ಒಂದೇ ಗ್ರಂಥದಲ್ಲಿ ಜಾಗ ದೊರೆತಿರುವುದು ಗಮನಿಸಬೇಕಾದ ಸಂಗತಿ.

ಕೌತುಕನಿಧಿಯ ಆಟಗಳನ್ನು ಅರಿಯಲು ಗಂಜೀಫಾ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಪರ್ಷಿಯಾ ಕಡೆಯಿಂದ ಮೊಗಲರೊಂದಿಗೆ ಬಂದ ಈ ಎಲೆಯಾಟದ ಪ್ರಸ್ತಾಪ ಬಾಬರನ ಆತ್ಮಕಥೆಯಲ್ಲಿ 1527ರ ಸುಮಾರಿಗೆ ಬರುತ್ತದೆ. ಎಲೆಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಮೊಗಲ್ ಗಂಜೀಫಾದಲ್ಲಿ ಎಂಟು ಪಂಗಡ, ಪ್ರತಿ ಪಂಗಡಕ್ಕೆ ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು, ಮೇಲೆ ರಾಜ ಮತ್ತು ಮಂತ್ರಿ. ಒಟ್ಟು 96 ಎಲೆ. ಈ ನೆಲದ ಜನ ಅದನ್ನು ದಶಾವತಾರ ಗಂಜೀಫಾವಾಗಿ ಮಾರ್ಪಡಿಸಿದರು. ವಿಷ್ಣುವಿನ ಹತ್ತು ಅವತಾರಗಳಿಗೆ ಹತ್ತು ಪಂಗಡ, ಒಟ್ಟು 120 ಎಲೆ. ಅರ್ಧದಷ್ಟು ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದ ಅರ್ಧದಲ್ಲಿ ಒಂದೇ ದೊಡ್ಡದು. ಹಗಲಿನಲ್ಲಿ ಆಡಿದರೆ ರಾಮನ ಪಂಗಡದಿಂದ, ಇರುಳಿನಲ್ಲಿ ಆಡಿದರೆ ಕೃಷ್ಣನ ಪಂಗಡದಿಂದ ಆಟ ಆರಂಭಿಸುವ ರೂಢಿಯೂ ಇತ್ತು.

ಮುಮ್ಮಡಿಯವರಿಗೆ ಇಷ್ಟು ಸಾಕಾಗಲಿಲ್ಲ. ಕೌತುಕನಿಧಿಯಲ್ಲಿ ಹದಿಮೂರು ಬಗೆಯ ಆಟಗಳ ವಿವರವಿದೆ. ಇವುಗಳಿಗೆ ಛದ ಎಂದು ಹೆಸರು. ಹತ್ತು ಅಂಕಿಯ ಎಲೆಗಳು ಸಾಮಾನ್ಯವಾಗಿ ಹನ್ನೆರಡಾದವು. ರಾಜ ಮತ್ತು ಮಂತ್ರಿ ಇಬ್ಬರೇ ಇದ್ದ ಮೇಲಿನ ವರ್ಗ ಹಲವು ಆಟಗಳಲ್ಲಿ ಆರಕ್ಕೆ ಏರಿತು. ಪಂಗಡಗಳ ಸಂಖ್ಯೆ ಕೆಲವು ಆಟಗಳಲ್ಲಿ ಹದಿನೆಂಟರವರೆಗೂ ಹೋಯಿತು. ಚಾಮುಂಡೇಶ್ವರಿ ಛದಕ್ಕೆ ಬೇಕಾಗುವ ಎಲೆಗಳು 320. ನವಗ್ರಹ, ದಿಕ್ಪಾಲಕ, ಪಂಚಪಾಂಡವರಂಥ ಪರಿವಾರಗಳು ಒಂದೊಂದು ಆಟಕ್ಕೆ ವಸ್ತುವಾದವು.

ಹೆಚ್ಚಿದ್ದು ಎಲೆಗಳ ಸಂಖ್ಯೆಯೊಂದೇ ಆಗಿದ್ದರೆ ಅದು ಅರಸರ ವೈಭವವೆಂದು ಬಿಟ್ಟುಬಿಡಬಹುದಿತ್ತು. ಆದರೆ ನಿಯಮಗಳಲ್ಲೂ ಬದಲಾವಣೆ ಬಂತು. ಹಳೆಯ ಗಂಜೀಫಾದಲ್ಲಿ ಎಲ್ಲ ಪಂಗಡಗಳಿಗೂ ಸಮಾನ ಸ್ಥಾನ, ತುರುಪು ಎಂಬುದಿರಲಿಲ್ಲ. ಮೈಸೂರಿನ ಆಟಗಳಲ್ಲಿ ಕೆಲವು ಪಂಗಡಗಳಿಗೆ ಕಾಯಂ ತುರುಪಿನ ಸ್ಥಾನ ಸಿಕ್ಕಿತು. ಇಂದಿನ ಇಸ್ಪೀಟಿನ ಜೋಕರನ್ನು ಹೋಲುವ, ಬೇರೆ ಎಲೆಯ ಬದಲಿಗೆ ನಿಲ್ಲಬಲ್ಲ ಎಲೆಗಳೂ ಬಂದವು. ಎಲೆಯ ಮೇಲಿನ ದೇವತೆ ಚಿತ್ರವಾಗಿ ಕುಳಿತಿರದೆ ಆಟದೊಳಗೆ ತನ್ನ ಮಹಿಮೆಯನ್ನು ಚಲಾಯಿಸುವಂತಾಯಿತು. ಶಾಸ್ತ್ರದಲ್ಲಿ ಹೇಳಿದ ದೇವತೆಗಳ ತಾರತಮ್ಯವನ್ನು ಆಡುತ್ತಲೇ ಕಲಿಯುವ ಅವಕಾಶ ಇದರಿಂದ ದೊರೆಯಿತು.

ಮಣೆಯಾಟಗಳಲ್ಲೂ ಇದೇ ಒಲವು ಕಾಣುತ್ತದೆ. ಹಾವು ಏಣಿಯ ಹಳೆಯ ರೂಪವಾದ ಪರಮಪದ ಸೋಪಾನ ಪಟದಲ್ಲಿ ಪುಣ್ಯ ಏಣಿಯಾಗಿ ಮೇಲಕ್ಕೊಯ್ಯುತ್ತದೆ, ಪಾಪ ಹಾವಾಗಿ ಕೆಳಗಿಳಿಸುತ್ತದೆ. ಮುಮ್ಮಡಿಯವರ ದೇವೀ ಸಾಯುಜ್ಯ ಎಂಬ ಆಟದಲ್ಲಿ ಚಾಮುಂಡೇಶ್ವರಿಯ ಸನ್ನಿಧಿ ಸೇರುವುದೇ ಗುರಿ. 1827ರಲ್ಲಿ ಚಾಮುಂಡಿ ಬೆಟ್ಟದ ದೇವಾಲಯಕ್ಕೆ ಗೋಪುರ ಕಟ್ಟಿಸಿದ ಭಕ್ತ ಅರಸರು ತಮ್ಮ ಇಷ್ಟದೇವತೆಯನ್ನು ಆಟದ ಮಣೆಯ ನಡುವೆಯೂ ಪ್ರತಿಷ್ಠಾಪಿಸಿದರು ಎನ್ನಬಹುದು.

ಕುದುರೆಯ ನಡೆ

ಚದುರಂಗದಲ್ಲಿ ಅವರ ಪ್ರತಿಭೆ ಇನ್ನೊಂದು ದಿಕ್ಕಿನಲ್ಲಿ ಹರಿಯಿತು. 64 ಮನೆಗಳ ಮೇಲೆ ಕುದುರೆಯನ್ನು ನಡೆಸುತ್ತ, ಯಾವ ಮನೆಯನ್ನೂ ಎರಡನೆಯ ಸಲ ಮುಟ್ಟದೆ, ಎಲ್ಲ ಮನೆಗಳನ್ನೂ ಸುತ್ತಿ ಬರುವುದು ಒಂದು ಹಳೆಯ ಸಮಸ್ಯೆ. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟ ತುರಗಬಂಧವೆಂಬ ಹೆಸರಿನಲ್ಲಿ ಅದನ್ನು ಚಿತ್ರಕಾವ್ಯಕ್ಕೆ ಬಳಸಿದ್ದಾನೆ. ಮುಮ್ಮಡಿಯವರು ಇಂಥ ನಡೆಗಳನ್ನು ಅನೇಕ ಬಗೆಯಲ್ಲಿ ರಚಿಸಿದರು. ಅವುಗಳಲ್ಲಿ ಮಾಯಾಚೌಕದ ಲಕ್ಷಣವುಳ್ಳವೂ ಇವೆ. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನ ಮೊತ್ತ 260 ಬಂದರೆ ಅದು ಮಾಯಾಚೌಕದ ನಡೆ. ಯುರೋಪಿನಲ್ಲಿ ಅಂಥ ಮೊದಲ ನಡೆಯನ್ನು ವಿಲಿಯಂ ಬೆವರ್ಲಿ ಪ್ರಕಟಿಸಿದ್ದು 1848ರಲ್ಲಿ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯಲ್ಲೂ ಈ ಗಣಿತ ನಡೆದಿತ್ತು. ಚದುರಂಗದ ಇತಿಹಾಸಕಾರ ಎಚ್.ಜೆ.ಆರ್. ಮರ್ರೆ ಮೈಸೂರಿನ ರಾಜರ ಈ ಕೆಲಸವನ್ನು ಗುರುತಿಸಿದ್ದಾರೆ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟದ ಮಣೆಗಳ ಚಿತ್ರಗಳು ಇಂದಿಗೂ ಉಳಿದಿವೆ.

ಪಶ್ಚಿಮದ ಹಾದಿ

ಭಾರತದಲ್ಲಿ ಹುಟ್ಟಿದ ಚದುರಂಗ ಪಶ್ಚಿಮದಲ್ಲಿ ಬೇರೊಂದು ತಿರುವು ಪಡೆಯಿತು. ಜರ್ಮನಿಯಲ್ಲಿ 1780ರಲ್ಲಿ ಹೆಲ್ವಿಗ್ ಎಂಬಾತ ಮಣೆಯನ್ನು ಹಿಗ್ಗಿಸಿ, ಬೇರೆ ಬೇರೆ ನೆಲ, ಬೇರೆ ಬೇರೆ ದಳಗಳನ್ನು ಸೇರಿಸಿ ಯುದ್ಧದ ಆಟ ಮಾಡಿದನು. 1824ರ ಸುಮಾರಿಗೆ ಪ್ರಷ್ಯದ ಸೇನೆ ರೈಸ್ವಿಟ್ಸ್ ರೂಪಿಸಿದ ಯುದ್ಧದಾಟವನ್ನು ಅಧಿಕಾರಿಗಳ ತರಬೇತಿಗೆ ಅಳವಡಿಸಿಕೊಂಡಿತು. ಅದೇ ಪರಂಪರೆಯಿಂದ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಿತು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಕಲ್ಪನೆಯ ಲೋಕದಲ್ಲಿ ಸಂಚರಿಸುವ ಆಟವಿದು. ಆರಂಭದಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗಗಳಿದ್ದವು. 1975ರ ಪುರವಣಿಯಲ್ಲಿ ಕಳ್ಳ ಮತ್ತು ಧರ್ಮಯೋಧ ಸೇರಿದರು. 1976ರ ಎಲ್ಡ್ರಿಚ್ ವಿಜರ್ಡ್ರಿ ಎಂಬ ಪುರವಣಿ ಡ್ರೂಯಿಡ್ ಎಂಬ ಹೊಸ ವರ್ಗವನ್ನೂ ಮನಸ್ಸಿನ ಅತೀಂದ್ರಿಯ ಶಕ್ತಿಗಳನ್ನೂ ತಂದಿತು. ಪರರ ಮನಸ್ಸನ್ನು ಅರಿಯುವುದು, ದೃಷ್ಟಿಮಾತ್ರದಿಂದ ವಸ್ತುವನ್ನು ಚಲಿಸುವುದು, ಮನಸ್ಸಿನಿಂದಲೇ ಕಾದಾಡುವುದು ಮೊದಲಾದವು ನಮ್ಮ ಸಿದ್ಧಪುರುಷರ ಕತೆ ಕೇಳಿ ಬೆಳೆದವರಿಗೆ ಹೊಸದಲ್ಲ. ಆದರೆ ಆ ನಿಯಮಗಳು ತೊಡಕಾಗಿವೆ, ಆಟದ ಸಮತೋಲ ಕೆಡಿಸುತ್ತವೆ ಎಂದು ಆಟಗಾರರು ಬಹುಕಾಲ ದೂರಿದರು.

ಮೈಸೂರಿನ ಛದ ಆಟಗಳಿಗೂ ಅದೇ ತೊಡಕು ಎದುರಾಯಿತು. ಮುನ್ನೂರಕ್ಕೂ ಹೆಚ್ಚು ಎಲೆಗಳನ್ನು ಕೈಯಲ್ಲಿ ಹಿಡಿಯುವುದಿರಲಿ, ನೆನಪಿನಲ್ಲಿಡುವುದೂ ಸುಲಭವಲ್ಲ. ಚಿತ್ರಕಾರರು ಕೈಯಿಂದ ಬರೆಯಬೇಕಾದ ಎಲೆಗಳನ್ನು ಕೊಳ್ಳುವುದು ಸಾಮಾನ್ಯರಿಗೆ ಸಾಧ್ಯವಿರಲಿಲ್ಲ. ಆಟಗಳು ಅರಮನೆಯ ಹೊಸಿಲು ದಾಟಿ ಊರಿನ ಜಗಲಿಗೆ ಇಳಿಯಲಿಲ್ಲ. ಆನೆಗೊಂದಿಯ ಬಂಡೆಯ ಮೇಲಿನ ಆಡು-ಹುಲಿ ಶತಮಾನಗಳನ್ನು ದಾಟಿ ಬದುಕಿತು. ಅದಕ್ಕೆ ಬೇಕಾದುದು ಒಂದು ಗೆರೆಚಿತ್ರ ಮತ್ತು ಒಂದಿಷ್ಟು ಹರಳು. ಆಟಕ್ಕೆ ಹೊಸ ಪಾತ್ರ, ಹೊಸ ಶಕ್ತಿ ಸೇರಿಸುವವರು ಆಡುವವರ ಕೈಯಳತೆಯನ್ನೂ ನೋಡಬೇಕೆಂಬ ಪಾಠ ಎರಡು ಕಡೆಯೂ ಒಂದೇ.

ಕೊನೆಯ ಪಂದ್ಯ

ಮುಮ್ಮಡಿಯವರ ಬದುಕಿನ ನಿಜವಾದ ಪಂದ್ಯ ಎಲೆಗಳಾಚೆ ನಡೆದಿತ್ತು. ಅವರಿಗೆ ಉತ್ತರಾಧಿಕಾರಿಯಾಗಬಲ್ಲ ಪುತ್ರನಿರಲಿಲ್ಲ. ಅರಸರು ಕಣ್ಣುಮುಚ್ಚಿದರೆ ಮೈಸೂರು ಬ್ರಿಟಿಷ್ ಇಂಡಿಯಾದಲ್ಲಿ ಲೀನವಾಗುವ ಅಪಾಯವಿತ್ತು. ಮೂರು ದಶಕಗಳ ಕಾಲ ಅವರು ಮನವಿಯ ಮೇಲೆ ಮನವಿ ಸಲ್ಲಿಸುತ್ತ, ಕಲ್ಕತ್ತ ಮತ್ತು ಲಂಡನ್ನಿನ ಅಧಿಕಾರಿಗಳ ಮುಂದೆ ತಮ್ಮ ಹಕ್ಕನ್ನು ಪ್ರತಿಪಾದಿಸುತ್ತಲೇ ಬಂದರು. 1857ರ ದಂಗೆಯ ಕಾಲದಲ್ಲಿ ಬ್ರಿಟಿಷರ ಪರವಾಗಿ ನಿಂತರು. 1865ರ ಜೂನ್ ತಿಂಗಳಲ್ಲಿ, ಎಪ್ಪತ್ತರ ಇಳಿವಯಸ್ಸಿನಲ್ಲಿ, ಎರಡು ವರ್ಷದ ಬಾಲಕ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತ ಸರ್ಕಾರ ಮೊದಲು ಒಪ್ಪಲಿಲ್ಲ. 1867ರಲ್ಲಿ ಲಂಡನ್ ಸರ್ಕಾರ ದತ್ತಕವನ್ನು ಮಾನ್ಯ ಮಾಡಿ, ಬಾಲಕ ಪ್ರಾಪ್ತವಯಸ್ಕನಾದ ಮೇಲೆ ರಾಜ್ಯ ಮರಳಿಸಲು ಸಮ್ಮತಿಸಿತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ನಿಧನರಾದರು. 1881ರಲ್ಲಿ ಆಡಳಿತ ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತು. ಅನಂತರದ ಪ್ರಜಾಪ್ರತಿನಿಧಿ ಸಭೆ, ಕಾಲೇಜುಗಳು, ಅಣೆಕಟ್ಟುಗಳು, ಕೈಗಾರಿಕೆಗಳ ಮೈಸೂರು ಸಾಧ್ಯವಾದದ್ದು ಆ ವೃದ್ಧ ಅರಸರ ತಾಳ್ಮೆಯಿಂದ.

1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ನಾಶವಾಯಿತು. ಆದರೂ ಶ್ರೀತತ್ತ್ವನಿಧಿಯ ಪ್ರತಿಗಳು ಉಳಿದುಕೊಂಡವು. ಅದರ ಕೆಲವು ಭಾಗಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ ಪ್ರಕಟಿಸಿದೆ. ರೂಡಾಲ್ಫ್ ಫಾನ್ ಲೈಡನ್ ಅವರ ಸಂಶೋಧನೆಯಿಂದ ಮೈಸೂರಿನ ಛದಗಳು ವಿದ್ವಾಂಸರ ಕಣ್ಣಿಗೆ ಬಿದ್ದವು. ಕಲಾವಿದ ಗಂಜೀಫಾ ರಘುಪತಿ ಭಟ್ಟರು ಮರೆತುಹೋಗಿದ್ದ ಚಿತ್ರಪದ್ಧತಿಯನ್ನು ಮತ್ತೆ ಜನರ ಮುಂದೆ ತಂದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಹೊಸ ಪೀಳಿಗೆಗೆ ಪರಿಚಯಿಸಿತು.

ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಮಾಡುವ ಬೊಂಬೆಗಳಿಗೂ ಅದೇ ಮಾನ್ಯತೆ ಇದೆ. ಒಂದು ಕಲೆ ಒಡೆಯರ ಆಸ್ಥಾನದಲ್ಲಿ ಬೆಳೆದುದು, ಇನ್ನೊಂದು ವಿಜಯನಗರದ ನೆನಪನ್ನು ಹೊತ್ತದ್ದು. ಎರಡಕ್ಕೂ ಇಂದು ಬೇಕಾಗಿರುವುದು ಕೊಳ್ಳುವ ಕೈ. ಗಂಜೀಫಾ ಎಲೆಗಳು ಈಗ ಹೆಚ್ಚಾಗಿ ಚೌಕಟ್ಟಿನೊಳಗೆ ಗೋಡೆಯ ಮೇಲೆ ತೂಗುತ್ತಿವೆ. ಹದಿಮೂರು ಛದಗಳಲ್ಲಿ ಚಿಕ್ಕದೊಂದನ್ನಾದರೂ ಕಡಿಮೆ ಬೆಲೆಯಲ್ಲಿ ಮುದ್ರಿಸಿ, ನಿಯಮಗಳನ್ನು ತಿಳಿಗನ್ನಡದಲ್ಲಿ ಬರೆದು ಮಕ್ಕಳ ಕೈಗಿಟ್ಟರೆ, ಆಡಲೆಂದೇ ಅವುಗಳನ್ನು ರೂಪಿಸಿದ ಅರಸರಿಗೆ ಅದಕ್ಕಿಂತ ಸಲ್ಲುವ ಸ್ಮಾರಕ ಇನ್ನೊಂದಿರಲಾರದು.